ಮೊದಲೇ ಬರೆದಿಟ್ಟ ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ಹೆಂಗಸರ ಮೇಲೆ ಅವಳು ಮೇಲ್ವಿಚಾರಕಿ. ಎಲ್ಲರ ಬಾಯಲ್ಲೂ ದೊಡ್ಡಕ್ಕ. ಮಂಗಳವಾರ ಬಂತೆಂದರೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ, ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯುತ್ತಿದ್ದಳು. ಅವರು ಏನೆಂದರು, ಅವರದೇ ಮಾತಿನಲ್ಲಿ. ತಾನು ಒಪ್ಪಿಕೊಂಡದ್ದು ಏನು. ಯಾವ ದಿನದೊಳಗೆ. ಆಮೇಲೆ ಓದಿ ಹೇಳಿ ಸಹಿ ಹಾಕಿಸುತ್ತಿದ್ದಳು. ಹಾಗೆ ಬರೆದಿಟ್ಟಿದ್ದರಿಂದಲೇ ಒಬ್ಬಳಿಗೆ ಹೆರಿಗೆ ರಜೆ ದಕ್ಕಿತ್ತು, ಬೆನ್ನುನೋವಿನವಳಿಗೆ ಎತ್ತರದ ಮೇಜು ಬಂದಿತ್ತು.

ಆ ಸೋಮವಾರ ಸಂಜೆ ಅತ್ತೆಗೆ ವಾಂತಿ, ಮಗಳಿಗೆ ಜ್ವರ. ಗಂಡ, "ನಿಂಗೆ ಹೇಗೆ ಅನುಕೂಲವೋ ಹಾಗೆ ಮಾಡು" ಎಂದು ಧಾರಾಳವಾಗಿ ಒಪ್ಪಿಗೆ ಕೊಟ್ಟು ಪೇಪರ್ ಹಿಡಿದು ಕೂತ. ಮರುದಿನ ಬೇಗ ಮನೆಗೆ ಮರಳಬೇಕು. ಹೇಗೂ ವಾರವಾರ ಹೇಳಿದ್ದನ್ನೇ ಹೇಳುತ್ತಾರಲ್ಲ ಎಂದು, ಒಂದು ಕೈಯಲ್ಲಿ ಸೌಟು ತಿರುವುತ್ತ ಇನ್ನೊಂದು ಕೈಯಲ್ಲಿ ಹನ್ನೊಂದು ಪುಟವನ್ನೂ ಬರೆದು ಮುಗಿಸಿದಳು.

ಮಂಗಳವಾರ ಮೊದಲು ಬಂದವಳು ಒಗೆಯುವವಳು. "ಸೋಪಿನ ಪುಡಿಗೆ ಕೈ ಉರಿಯುತ್ತೆ ಅಕ್ಕ, ಗ್ಲೌಸು ಹರಿದಿದೆ." ಪುಟದಲ್ಲೂ ಅಷ್ಟೇ ಇತ್ತು. ದೊಡ್ಡಕ್ಕ ಒಳಗೊಳಗೇ ನಕ್ಕಳು. ಆಮೇಲೆ ಮಡಿಸುವವಳು ಬಂದಳು. ಅವಸರದಲ್ಲಿ ಅವಳ ಪುಟದಲ್ಲಿ ಒಂದು ಪದ ಎರಡು ಸಲ ಬಿದ್ದಿತ್ತು. "ಬಸ್ಸು ಬಸ್ಸು ತಡ ಆಗುತ್ತೆ ಅಕ್ಕ" ಎಂದಳು ಅವಳು, ನಡುವೆ ಉಸಿರೂ ತೆಗೆದುಕೊಳ್ಳದೆ.

ದೊಡ್ಡಕ್ಕ ಒಮ್ಮೆ ಪುಟವನ್ನು, ಒಮ್ಮೆ ಅವಳ ಮುಖವನ್ನು ನೋಡಿದಳು.

ಮೂರನೆಯವಳು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಚಾದರ ಕೊಡುವವಳು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವೆಂದು ಅವಳಿಗೆ ರೇಡಿಯೋ ಎಂದೇ ಹೆಸರು. ಅವಳ ಪುಟ ಬರೆಯುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತ್ತು. 'ಹೇಳೋದು ಏನೂ ಇಲ್ಲ' ಎಂದಷ್ಟೇ ಗೀಚಿ ದೊಡ್ಡಕ್ಕ ಒಲೆಯತ್ತ ತಿರುಗಿದ್ದಳು.

ರೇಡಿಯೋ ಬಲಗೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. "ಹೇಳೋದು ಏನೂ ಇಲ್ಲ ಅಕ್ಕ."

"ಕೈಗೇನಾಯ್ತೇ?"

"ಹೇಳೋದು ಏನೂ ಇಲ್ಲ ಅಕ್ಕ." ಅದೇ ದನಿ, ಅದೇ ಏರಿಳಿತ.

ದೊಡ್ಡಕ್ಕ ಪೆನ್ನು ತೆಗೆದು ಆ ಸಾಲನ್ನು ಕಾಗದ ಹರಿಯುವ ಹಾಗೆ ಹೊಡೆದುಹಾಕಿದಳು. ನೀರಿನಿಂದ ತಲೆ ಎತ್ತಿದವಳಂತೆ ರೇಡಿಯೋ ಉಸಿರೆಳೆದುಕೊಂಡಳು.

"ರೋಲರ್ ಮುಂದಿನ ತಡೆಕಂಬಿ ಕಳಚಿ ಐದು ದಿನ ಆಯ್ತಕ್ಕ. ಬೆಳಿಗ್ಗೆ ಬೆರಳನ್ನ ಒಳಗೆ ಎಳ್ಕೊಳ್ತು. ಉಗುರಿಗೆ ಮುಗೀತು, ಇನ್ನೊಂದು ಸಲ ಕೈನೇ ಹೋಗುತ್ತೆ. ಅಲ್ಲಾ, ಇಷ್ಟೊತ್ತು ನನ್ನ ಬಾಯಿ ಹಿಡ್ಕೊಂಡಿದ್ದು ಯಾರು?"

ದೊಡ್ಡಕ್ಕ ಉಳಿದ ಪುಟಗಳನ್ನೆಲ್ಲ ಹರಿದುಹಾಕಿ ಮೇಲಿನ ಮಹಡಿಗೆ ಹೋದಳು. ಯಂತ್ರ ನಿಲ್ಲಿಸುವ ಅಧಿಕಾರ ಇದ್ದದ್ದು ಮ್ಯಾನೇಜರಿಗೆ ಮಾತ್ರ. ಅವಳ ಮಾತು ಬರೆದುಕೊಳ್ಳಲು ಅವನೂ ಒಂದು ನೋಟ್‌ಬುಕ್ ಇಟ್ಟಿದ್ದ.

"ಬನ್ನಿ ಅಮ್ಮಾ. ನಿಮ್ಮದು ಬರೆದೇ ಇಟ್ಟಿದ್ದೀನಿ. ಒಂದು ಸಹಿ ಹಾಕಿದ್ರೆ ನಿಮಗೂ ಕೆಲಸ ಉಳೀತು, ನನಗೂ ಉಳೀತು."

ತಡೆಕಂಬಿಯ ವಿಷಯ ಹೇಳಲು ಅವಳು ಬಾಯಿ ತೆರೆದಳು. "ಎಲ್ಲ ಸರಿಯಾಗಿದೆ ಸರ್." ನೆಂಟರು ಕೇಳಿದಾಗ ಮನೆಯಲ್ಲಿ ಹೊರಡುವ ಅದೇ ನುಣುಪಾದ ದನಿ. ಇನ್ನೊಮ್ಮೆ ಯತ್ನಿಸಿದಳು. "ಎಲ್ಲ ಸರಿಯಾಗಿದೆ ಸರ್." ಕೆಳಗೆ ರೋಲರ್ ಮತ್ತೆ ಶುರುವಾದ ಸದ್ದು ಕೇಳಿತು. ರೇಡಿಯೋ ಜಾಗಕ್ಕೆ ಇನ್ಯಾರೋ ನಿಂತಿರಬೇಕು.

ದೊಡ್ಡಕ್ಕ ನೋಟ್‌ಬುಕ್ ಎಳೆದುಕೊಂಡು ಅವನ ಸಾಲನ್ನು ಹೊಡೆದುಹಾಕಿದಳು. ತಡೆಕಂಬಿ ಕಳಚಿದೆ ಎಂದು ಬರೆದಳು. ಒಂದು ಕ್ಷಣ ಯೋಚಿಸಿ ಕೆಳಗೆ ಅವನ ಉತ್ತರವನ್ನೂ ತಾನೇ ಬರೆದಳು: ರಿಪೇರಿ ಆಗುವವರೆಗೆ ರೋಲರ್ ನಿಲ್ಲಿಸ್ತೀನಿ. ಇವತ್ತೇ.

"ಇದೇನಮ್ಮಾ, ನನ್ನ ಪುಸ್ತಕದಲ್ಲಿ ನೀವು..." ಎಂದು ನಗಲು ಹೊರಟವನ ನಗು ಅರ್ಧಕ್ಕೆ ನಿಂತಿತು. ಕಣ್ಣಲ್ಲಿ ಹೆದರಿಕೆ ಕಂಡಿತು. "ರಿಪೇರಿ ಆಗುವವರೆಗೆ ರೋಲರ್ ನಿಲ್ಲಿಸ್ತೀನಿ" ಎಂದ. ಕೈ ತಾನಾಗಿ ಫೋನಿನತ್ತ ಹೋಯಿತು. ಅತ್ತಲಿನವರಿಗೂ ಅದನ್ನೇ ಹೇಳಿದ.

ಕೆಳಗೆ ಸದ್ದು ನಿಂತಿತು. ಅವನ ತುಟಿಗಳು ಮಾತ್ರ ಅದೇ ಮಾತನ್ನು ಇನ್ನೂ ಆಡುತ್ತಲೇ ಇದ್ದವು. ಪೆನ್ನನ್ನು ಈಗ ಕೆಳಗಿಡಬೇಕೆಂದು ಅವಳಿಗೆ ಗೊತ್ತಿತ್ತು. ಇಡಲು ಮನಸ್ಸು ಬರಲಿಲ್ಲ.