ಅಣ್ಣನ ಪಾಳಿ

ಟಿಕೋಟದಲ್ಲಿ ಆಗ ಬಾವಿಯ ಹೂಳು ತೆಗೆಯಲು ಮನೆಗೊಬ್ಬ ಆಳು ಹೋಗಬೇಕಿತ್ತು. ಅಪ್ಪನ ಪಾಳಿಗೆ ಮಗ ಹೋದರೂ, ಅಣ್ಣನ ಪಾಳಿಗೆ ತಮ್ಮ ಹೋದರೂ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ತಲೆ ಎಣಿಸಿದರೆ ಲೆಕ್ಕ ಸರಿಹೋಗಬೇಕು, ಅಷ್ಟೇ. ನದಾಫರ ಕಾಸಿಮಸಾಬ ಸರಕಾರವೂ ಹೀಗೇ ಇರುತ್ತದೆಂದು ತಿಳಿದ. ಪಾಪ, ಅವನು ಕಂಡ ಸರಕಾರ ಅಷ್ಟೇ ಇತ್ತು.

ಎಪ್ಪತ್ಮೂರನೆಯ ಇಸವಿಯ ಬೇಸಿಗೆ. ಅವನ ಹಿರಿಮಗ ಅಮೀನಸಾಬ ವಿಜಾಪುರಕ್ಕೆ ಹೋಗಿ, ಸೈನ್ಯದ ಭರ್ತಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿ, ಎದೆ ಅಳೆಸಿಕೊಂಡು ಬಂದಿದ್ದ. ಕರೆಪತ್ರ ಬರುವುದಕ್ಕೂ, ಬಬಲೇಶ್ವರದಿಂದ ಹತ್ತಿ ಹೇರಿಕೊಂಡು ಬರುತ್ತಿದ್ದ ಗಾಡಿ ಮಗುಚಿ ಅವನ ಬಲಭುಜ ಮುರಿಯುವುದಕ್ಕೂ ಒಂದೇ ವಾರ. ಇಂಗ್ಲಿಷಿನ ಆ ಕಾಗದವನ್ನು ಓದಿ ಹೇಳಿದವರು ಸಾಲಿಯ ಶಿವಯೋಗೆಪ್ಪ ಮಾಸ್ತರರು. ಅವರಿಗೆ ಇಂಗ್ಲಿಷು ಅರ್ಧ ಬರುತ್ತಿತ್ತು, ಉಳಿದರ್ಧವನ್ನು ಧೈರ್ಯದ ಮೇಲೆ ಓದುತ್ತಿದ್ದರು. ತಾರೀಖಿಗೆ ಬಾರದಿದ್ದರೆ ಜಾಗವನ್ನು ಇನ್ನೊಬ್ಬರಿಗೆ ಕೊಡಲಾಗುವುದು ಎಂದಷ್ಟೇ ಅದರಲ್ಲಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು, ತಾರೀಖು ತಪ್ಪಿದರೆ ಪೊಲೀಸರು ಬಂದು ಎಳೆದೊಯ್ಯುತ್ತಾರೆಂದು ಹೇಳಿಬಿಟ್ಟರು. ಈ ಒಂದು ಮಾತಿಗೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಿರಿಮಗ ದಾದಾಸಾಬ. ತಾಯಿಯ ಬಾಯಲ್ಲಿ ದಾದ್ಯಾ. ಹತ್ತೊಂಬತ್ತು ವರ್ಷದ ಈ ಹುಡುಗನಿಗೆ ಗಾದಿ ಮಾಡುವ ಕೆಲಸ ಬಿಟ್ಟು ಬೇರೆ ಆಸೆ ಇರಲಿಲ್ಲ. ಹತ್ತಿ ಹಿಂಜುವ ಬಿಲ್ಲು ಹಿಡಿದು ಕೂತರೆ ಊಟದ ನೆನಪೂ ಆಗುತ್ತಿರಲಿಲ್ಲ. ಅಣ್ಣತಮ್ಮಂದಿರಿಗೆ ಒಂದೇ ವರ್ಷ ಮೈಲಿ ಬೇನೆ ಬಂದಿತ್ತು, ಹಣೆಯ ಮೇಲಿನ ಕಲೆಗಳೂ ಒಂದೇ ತೆರನಾಗಿದ್ದವು. ಕಾಗದದಲ್ಲಿ ಗುರುತಿಗೆಂದು ಬರೆದದ್ದೂ ಆ ಕಲೆಗಳನ್ನೇ.

ಕಾಸಿಮಸಾಬ ಮಗನನ್ನು ಎದುರಿಗೆ ಕೂರಿಸಿಕೊಂಡ. "ಅಣ್ಣನ ಕೈ ನೆಟ್ಟಗ ಆಗೂತನಕ ನೀ ಹೋಗಿರು. ಆಮ್ಯಾಲ ಅಂವ ಬರ್ತಾನ, ನೀ ಮನಿಗಿ ಬಾ," ಎಂದ. ಅಪ್ಪನಿಗೆ ಎದುರಾಡಿ ಗೊತ್ತಿಲ್ಲದ ದಾದಾಸಾಬ ತಲೆಯಾಡಿಸಿದ. ಒಂದೆರಡು ತಿಂಗಳ ಮಾತೆಂದು ಅವನೂ ನಂಬಿದ್ದ.

ತರಬೇತಿ ಕೇಂದ್ರದಲ್ಲಿ ಕುರಾನಿನ ಮೇಲೆ ಕೈಯಿಟ್ಟು ಅಣ್ಣನ ಹೆಸರಿನಲ್ಲಿ ಪ್ರಮಾಣ ಮಾಡಿದ. ಹಾಜರಿ ಕೂಗುವಾಗ "ಅಮೀನಸಾಬ" ಎಂದರೆ, ಅಣ್ಣ ಬಂದನೇನೋ ಎಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಅದಕ್ಕೆ ಶಿಕ್ಷೆಯೆಂದು ಬಂದೂಕು ತಲೆಯ ಮೇಲೆತ್ತಿ ಮೈದಾನ ಸುತ್ತಬೇಕಾಗುತ್ತಿತ್ತು. ಎರಡನೆಯ ತಿಂಗಳಿಗೆ ಹೆಸರು ಪೂರ್ತಿ ಕೂಗುವ ಮೊದಲೇ ಓಗೊಡುವುದನ್ನು ಕಲಿತ. ಬೇಡವಾದರೆ ಬಿಟ್ಟು ಹೋಗಬಹುದೆಂದು ಯಾರೂ ಹೇಳಲಿಲ್ಲ. ಕೇಳುವಷ್ಟು ಹಿಂದಿ ಬರುತ್ತಿರಲಿಲ್ಲ, ಕೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಇತ್ತ ಕಾಸಿಮಸಾಬನಿಗೆ ಅಂಜಿಕೆ ಹತ್ತಿತು. ಫೌಜಿಗೆ ಹೋದ ಅಮೀನಸಾಬ ಟಿಕೋಟದಲ್ಲಿ ಗಲ್ಲಿಗಲ್ಲಿ ತಿರುಗುತ್ತಿದ್ದರೆ ಹೇಗೆ? ಮನೆ ಖಾಲಿ ಮಾಡಿ ವಿಜಾಪುರದ ಇಬ್ರಾಹಿಂಪುರಕ್ಕೆ, ರೈಲು ಹಳಿಯ ಹತ್ತಿರ ಬಂದು ನೆಲೆಸಿದ. ಅಲ್ಲಿ ಯಾರಿಗೂ ಇವರ ಗುರುತಿಲ್ಲ. ಮನೆಯಲ್ಲಿದ್ದ ಅಮೀನಸಾಬನನ್ನು ನೆರೆಹೊರೆಗೆ ದಾದಾಸಾಬನೆಂದು ಹೇಳಿದರು. ಅಂಚೆಯವನ ಮುಂದೆ ಬಾಯಿ ತಪ್ಪಿದಾಗಲೆಲ್ಲ ತಾಯಿ ಮಕ್ತುಮಬಿ ಆಮೇಲೆ ಒಳಗೆ ಹೋಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಹೀಗೆ ತಮ್ಮ ಬಿಟ್ಟುಹೋದ ಹೆಸರಿನೊಳಗೆ ಅಣ್ಣ ಸೇರಿಕೊಂಡ.

ಮುಂದಿನ ವರ್ಷ ಕೇಂದ್ರಕ್ಕೆ ವಿಮಾನದಿಂದ ಹಾರುವ ಪ್ಯಾರಾ ಪಲ್ಟನಿನ ಅಧಿಕಾರಿಯೊಬ್ಬ ಬಂದ. ಇಷ್ಟವಿದ್ದವರು ಒಂದು ಹೆಜ್ಜೆ ಮುಂದೆ ಬನ್ನಿ, ಮೂರು ತಿಂಗಳು ಪರೀಕ್ಷೆ ಇರುತ್ತದೆ, ತಡೆಯಲಾರದವರನ್ನು ವಾಪಸ್ ಕಳಿಸುತ್ತೇವೆ ಎಂದ. ದಾದಾಸಾಬನಿಗೆ ಅರ್ಥವಾದದ್ದು "ವಾಪಸ್" ಎಂಬ ಒಂದೇ ಶಬ್ದ. ಅವನಿಗೆ ವಾಪಸ್ ಎಂದರೆ ಮನೆ. ಇಡೀ ಸಾಲಿನಲ್ಲಿ ಮೊಟ್ಟಮೊದಲು ಮುಂದೆ ಹೆಜ್ಜೆಯಿಟ್ಟವನು ಅವನೇ. ಎಷ್ಟು ಧೈರ್ಯ ನೋಡಿ ಎಂದು ಅಧಿಕಾರಿ ಅವನ ಬೆನ್ನು ತಟ್ಟಿದ.

ಅಲ್ಲಿಗೆ ಹೋದ ಮೇಲೆ ಸೋಲಲು ಅವನು ಮಾಡದ ಪ್ರಯತ್ನವಿಲ್ಲ. ಓಟದಲ್ಲಿ ಹಿಂದೆ ಬಿದ್ದರೆ ಅವನೊಬ್ಬನಿಗಲ್ಲ, ಇಡೀ ತುಕಡಿಗೆ ಮತ್ತೆ ಓಡುವ ಶಿಕ್ಷೆ. ಕಾಲೊಡೆದು ರಕ್ತ ಸುರಿಯುತ್ತಿದ್ದ ಜೊತೆಯವರ ಮುಖ ನೋಡಲಾಗದೆ ಓಡಿಯೇ ಬಿಡುತ್ತಿದ್ದ. ಹಗ್ಗ ಹತ್ತುವಾಗ ಕೈಬಿಡಬೇಕೆಂದುಕೊಂಡರೂ, ಬಿಲ್ಲು ಹಿಡಿದು ಗಟ್ಟಿಯಾದ ತೋಳುಗಳು ಕೇಳುತ್ತಿರಲಿಲ್ಲ. ಹೀಗೆ ಎರಡು ತಿಂಗಳು ಕಳೆದ ಮೇಲೆ ಸೋತವನೊಬ್ಬ ಪೆಟ್ಟಿಗೆ ಕಟ್ಟುತ್ತಿದ್ದ. ಯಾವ ಊರಿಗೆ ಎಂದು ಇವನು ಆಸೆಯಿಂದ ಕೇಳಿದರೆ, ಊರಿಗಲ್ಲ, ಹಳೆಯ ಪಲ್ಟನಿಗೆ ಎಂದು ಅವನು ಅತ್ತ. ಆ ಸಂಜೆ ದಾದಾಸಾಬನಿಗೆ ಅನ್ನ ಸೇರಲಿಲ್ಲ.

ಆಗ್ರಾದಲ್ಲಿ ಐದು ಸಲ ವಿಮಾನದಿಂದ ಹಾರಿದ. ಮೊದಲ ಸಲ ಬಾಗಿಲಲ್ಲಿ ನಿಂತಾಗ ಕೆಳಗಿನ ಹೊಲಗಳನ್ನು ನೋಡಿ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹಿಂದಿನಿಂದ ಬೆನ್ನಿಗೆ ಕೈ ಬಿತ್ತು, ಹೋದ. ಐದನೆಯದು ಮುಗಿದ ಮೇಲೆ ಎದೆಗೆ ರೆಕ್ಕೆಯ ಬಿಲ್ಲೆ, ತಲೆಗೆ ಕಡುಗೆಂಪು ಟೋಪಿ ಬಂತು. ಅಮೀನಸಾಬನ ಹೆಸರು ಕೂಗಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಎಪ್ಪತ್ತಾರರಲ್ಲಿ ಇಪ್ಪತ್ತು ದಿನದ ರಜೆ ಸಿಕ್ಕಿತು. ಇನ್ನಾದರೂ ಪಾಳಿ ಬದಲಾದೀತೆಂದು ಎಣಿಸಿಕೊಂಡು ಬಂದ. ಅಣ್ಣ ಒಳ್ಳೆಯವನೇ, ತಪ್ಪಿಸಿಕೊಳ್ಳುವ ಮಾತಾಡಲಿಲ್ಲ. "ಬಟ್ಟಿ ಕೊಡಪಾ. ನನ್ನ ಪಾಳಿ ನಾ ಮಾಡ್ತೀನಿ," ಎಂದ. ಅಂಗಿ ತೊಡುವಾಗ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಅದನ್ನು ಎತ್ತಿ ಅಂಗಿಯ ತೋಳಿನೊಳಗೆ ತೂರಿಸಲು ಒದ್ದಾಡಿದ. ದಾದಾಸಾಬನಿಗೆ ವಿಮಾನದ ಬಾಗಿಲು ಕಣ್ಣಮುಂದೆ ಬಂತು. ಆ ಬಾಗಿಲಲ್ಲಿ ಈ ಕೈಯ ಅಣ್ಣ ನಿಂತಿದ್ದ. ತಾನೇ ಹೋಗದೆ ಉಳಿದರೆ ಪೊಲೀಸರು ಹುಡುಕಿಕೊಂಡು ಬರುವುದು ಅಮೀನಸಾಬನನ್ನೇ.

"ಬಿಡಣ್ಣಾ. ಈ ಕೈಲೆ ಆಗೂದಿಲ್ಲ," ಎಂದು ಅಣ್ಣನ ಮೈಯಿಂದ ಅಂಗಿ ಬಿಚ್ಚಿದ. ಅಣ್ಣ ಗೋಡೆಯ ಕಡೆ ತಿರುಗಿ ಅತ್ತ. ಕಾಸಿಮಸಾಬ ಕೆಮ್ಮುತ್ತ ಹೊರಗೆ ಹೋದ.

ರಜೆ ಮುಗಿದ ದಿನ ತಾಯಿ, ಅಣ್ಣ ಇಬ್ಬರೂ ಸ್ಟೇಶನ್ನಿಗೆ ಬಂದರು. ಅಣ್ಣ ಚಹಾ ತರಲು ಹೋದಾಗ ದಾದಾಸಾಬ ತಾಯಿಯ ಹತ್ತಿರ ಸರಿದ. "ಯವ್ವಾ, ಮೂರು ವರ್ಷ ಆತು. ಹೋಗೂದ್ರಾಗ ಒಮ್ಮೆ ನನ್ನ ಹೆಸರ್ಲೆ ಕರಿ," ಎಂದ. ಮಕ್ತುಮಬಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಪೊಲೀಸನನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ರೈಲು ಬಂತು. ಜನರ ನೂಕಾಟದಲ್ಲಿ ಅವನು ಹತ್ತಿ ಕಿಟಕಿಯ ಪಕ್ಕ ಕುಳಿತ.

ಗಾಡಿ ಅಲುಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಪೊಲೀಸನಿದ್ದರೆ ಇರಲಿ ಎಂದು ಸೆರಗು ಬಿಗಿಹಿಡಿದು, ಗಂಟಲು ಹರಿಯುವಂತೆ ಒಂದೇ ಸಲ "ದಾದ್ಯಾ" ಎಂದು ಕೂಗಿದಳು.

"ಯಾಕ ಬೇ?" ಎಂದು ಪಕ್ಕದಲ್ಲಿ ನಿಂತಿದ್ದ ಅಣ್ಣ ಅವಳ ಕಡೆ ತಿರುಗಿದ.

ಕಿಟಕಿಯಲ್ಲಿದ್ದ ದಾದಾಸಾಬನೂ, ಅವ್ವ ಯಾಕೆ ಕರೆದಳೋ ಎಂದು ಅಣ್ಣನನ್ನೇ ನೋಡಿದ.