ಡಿಟಿಪಿ ಅಂಗಡಿಯವನ ಮುಚ್ಚಿದ ಬಾಗಿಲು

ಹೊಸಂಗಡಿಯ ಡಿಟಿಪಿ ಅಂಗಡಿಯವನೂ ನಾನೂ, ಇಬ್ಬರಿಗೂ ಮೆಚ್ಚಾದ ವಿದೇಶದ ಒಂದು ಪುಟ್ಟ ಭಯದ ಕಂಪ್ಯೂಟರ್ ಆಟವನ್ನು ನಮ್ಮ ನಮ್ಮ ರೀತಿಯಲ್ಲಿ ಮತ್ತೆ ಕಟ್ಟುತ್ತಿದ್ದೆವು. ನನ್ನದರಲ್ಲಿ ರಕ್ತ, ಕಿರುಚಾಟ ಎಲ್ಲ ಇತ್ತು. ಅವನು ಮೌಸನ್ನು ಲುಂಗಿಗೆ ಒರೆಸುತ್ತ, "ಹೆದರಿಸುವುದು ಎಂತಕ್ಕೆ ಮಾರಾಯ, ಕಾಯುವ ಹಾಗೆ ಮಾಡಿದರೆ ಸಾಕು" ಎನ್ನುತ್ತಿದ್ದ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅವನ ಆಟದಲ್ಲಿದ್ದದ್ದು ಒಂದೇ ಕೋಣೆ. ನಮ್ಮ ಮನೆಗಳಲ್ಲಿ ತೀರಿಹೋದವರಿಗೆ ಮಾಡುವ ಹಾಗೆ, ಬಾಳೆಲೆಯಲ್ಲಿ ಬಡಿಸಿ, ಬಾಗಿಲೆಳೆದು, ಅವರು ಉಂಡು ಮುಗಿಸುವವರೆಗೆ ಹೊರಗೆ ಕಾಯಬೇಕು.

ನನ್ನ ಆಟ ನೋಡಿ "ಎಂತ ಬೊಬ್ಬೆ ಇದು" ಎಂದು ಎದ್ದುಹೋಗಿದ್ದ ಅಮ್ಮನಿಗೆ ಅವನ ಆಟವನ್ನು ತೋರಿಸಿದೆ. ಬಾಗಿಲಿಗೆ ಮೌಸ್ ಒಯ್ದ ನನ್ನ ಕೈ ಹಿಡಿದಳು. "ನಿಲ್ಲು, ಅವರದ್ದು ಊಟ ಆಗ್ಲಿಲ್ಲ." ಆಮೇಲೆ ಒಳಗಿನವರಿಗೆ ಕೇಳಲೆಂದು ಮೆಲ್ಲಗೆ ಕೆಮ್ಮಿ, "ಈಗ ತೆಗಿ" ಎಂದಳು.

ಇದನ್ನು ಅವನಿಗೆ ಹೇಳುವವನು ನಾನಲ್ಲ.