ಇಪ್ಪತ್ತೈದನೇ ತಾರೀಕಿನ ರುಚಿ

ಹುಲ್ಲಹಳ್ಳಿಯಿಂದ ನಾಲೆ ಏರಿಯ ಮೇಲೆ ಬಂದರೆ ಸಿಗುವ ಕಗ್ಗಲಿಹುಂಡಿಯ ಸರ್ಕಾರಿ ಶಾಲೆಯಲ್ಲಿ ಮಂಗಳಮ್ಮ ಹನ್ನೊಂದು ವರ್ಷ ಸಹಾಯಕ ಅಡುಗೆಯವಳಾಗಿದ್ದಳು. ಸಹಾಯಕಿ ಎಂದರೆ ಏನು ಎಂಬುದಕ್ಕೆ ಸರ್ಕಾರದ ಆದೇಶದಲ್ಲಿ ಒಂದು ಅರ್ಥವಿದೆ, ಊರಿನಲ್ಲಿ ಇನ್ನೊಂದು. ಊರಿನ ಅರ್ಥದ ಪ್ರಕಾರ ಅವಳು ಪಾತ್ರೆ ಉಜ್ಜಬಹುದು, ಅಂಗಳ ಗುಡಿಸಬಹುದು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರಬಹುದು, ಅಕ್ಕಿಯ ಕಲ್ಲು ಆರಿಸಬಹುದು. ಸೌಟು ಮಾತ್ರ ಮುಟ್ಟುವ ಹಾಗಿರಲಿಲ್ಲ. ಸೌಟು ಮೇಲಿನ ಬೀದಿಯ ಸಣ್ಣತಾಯಮ್ಮನದು, ಮಂಗಳಮ್ಮನ ಮನೆ ಕೆಳಗಿನ ಬೀದಿಯಲ್ಲಿ. ಹೀಗೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನವೆಂಬರಿನಲ್ಲಿ ಸಣ್ಣತಾಯಮ್ಮನಿಗೆ ಅರವತ್ತು ತುಂಬಿತು. ಅರವತ್ತಾದವರು ಬಿಡಬೇಕು ಎಂಬುದು ನಿಯಮ. ಡಿಸೆಂಬರ್ ಒಂದರಿಂದ ಮಂಗಳಮ್ಮನೇ ಮುಖ್ಯ ಅಡುಗೆಯವಳು ಎಂದು ಕಾಗದ ಬಂತು. ನಲವತ್ತೆಂಟು ವರ್ಷದ ಹೆಂಗಸು ಆ ಕಾಗದವನ್ನು ಎರಡು ಸಲ ಓದಿಕೊಂಡಳು, ಏಳನೇ ಕ್ಲಾಸು ಓದಿದ್ದಾಳೆ. ಆ ದಿನ ಒಂದು ದಿನ ಸಂತೋಷವಾಗಿತ್ತಂತೆ.

ಮಾರನೆಯ ದಿನದಿಂದ ಚಿಂತೆ ಶುರುವಾಯಿತು. ಕಾರಣ ರುಚಿ ಪುಸ್ತಕ.

ಬಿಸಿಯೂಟದ ಗಂಟೆಗೆ ಅರ್ಧ ತಾಸು ಮುಂಚೆ ಶಾಲೆಯ ಮಗುವಿನ ತಾಯಿಯೊಬ್ಬಳು ಬಂದು ಅಡುಗೆಯ ರುಚಿ ನೋಡಿ ಆ ಪುಸ್ತಕದಲ್ಲಿ ಸಹಿ ಮಾಡಬೇಕು. ಸಣ್ಣತಾಯಮ್ಮನ ಕಾಲದಲ್ಲಿ ಚಳಿಗಾಲ ಬಂತೆಂದರೆ ಈ ಕೆಲಸಕ್ಕೆ ಒಬ್ಬಳಲ್ಲ, ಏಳೆಂಟು ಜನ ಬರುತ್ತಿದ್ದರು. ಡಿಸೆಂಬರ್ ಅವರೆಕಾಯಿಯ ತಿಂಗಳು. ಮನೆಮನೆಯಿಂದ ಮಡಿಲು ತುಂಬ ಅವರೆ ತಂದು, ಶಾಲೆಯ ಜಗಲಿಯಲ್ಲಿ ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಸುಲಿದು, ನೆನೆದ ಕಾಳು ಹಿಚುಕುತ್ತ, ಊರಿನವರ ಸಂಸಾರಗಳನ್ನೂ ಹಿಚುಕುತ್ತಿದ್ದರು. ಊಟದ ಹೊತ್ತಿಗೆ ಮಕ್ಕಳ ಪಕ್ಕದಲ್ಲಿ ತಾವೂ ಎರಡು ತುತ್ತು ಉಂಡು, ಸಹಿ ಹಾಕಿ ಹೋಗುತ್ತಿದ್ದರು. ಮಂಗಳಮ್ಮ ಆಗ ಆಚೆ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತ ಆ ಮಾತುಗಳನ್ನೆಲ್ಲ ಕೇಳಿಸಿಕೊಂಡಿದ್ದಾಳೆ.

ಈ ಡಿಸೆಂಬರ್ ಒಂದರಂದು ಜಗಲಿ ಖಾಲಿ. ಬಂದವನು ಶಿವಣ್ಣ ಒಬ್ಬನೇ. ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷ, ಮೇಲಿನ ಬೀದಿಯವನು.

"ಕಟಾವು ಟೈಮು ಮೇಡಂ, ಎಂಗಸ್ರು ದಿನಾ ಬರಕಾದದಾ? ಬುಕ್ ಕೊಡಿ ಇತ್ಲಾಗೆ, ಮನೆಮನೇಲಿ ಸೈನ್ ಆಕಿಸ್ಕಂಡ್ ಬತ್ತೀನಿ" ಎಂದ.

ಮುಖ್ಯ ಶಿಕ್ಷಕಿ ವಾಣಿ ಮೇಡಂ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದುಹೋಗುವವರು. ಊರಿನ ಸಹವಾಸ ಎಷ್ಟು ಬೇಕೋ ಅಷ್ಟೇ ಎಂದು ಇದ್ದವರು. ಪುಸ್ತಕ ಕೊಟ್ಟರು.

ಹೋಗುವಾಗ ಶಿವಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. "ನೋಡಮ್ಮಿ, ಒಂದ್ ತಿಂಗ್ಳು ನೋಡವ. ಮಕ್ಕಳು ಉಂಡ್ರೆ ಸರಿ. ಉಣ್ಣನಿಲ್ಲ ಅಂದ್ರೆ ತಿಂಗಳ ಕೊನೇಲಿ ಮೀಟಿಂಗ್ ಅದಲ್ಲ, ಅಲ್ ಮಾತಾಡ್ಕಳವ."

ಪುಸ್ತಕ ಮಾರನೆಯ ದಿನವೇ ವಾಪಸ್ಸು ಬಂತು. ತಿಂಗಳ ಸಾಲುಗಳೆಲ್ಲ ತುಂಬಿದ್ದವು. ಭಾನುವಾರಗಳನ್ನು ಜೋಪಾನವಾಗಿ ಬಿಟ್ಟಿದ್ದ. ಪ್ರತಿ ಸಾಲಿನಲ್ಲಿ ಒಬ್ಬ ತಾಯಿಯ ಸಹಿ, ಎದುರಿಗೆ ಒಂದೇ ಕೈಬರಹದಲ್ಲಿ ‘ಊಟ ರುಚಿಯಾಗಿದೆ’. ಮುಂದಿನ ವಾರದ ಸಾರು ಇನ್ನೂ ಹೊಲದಲ್ಲಿ ಕಾಯಿಯಾಗಿತ್ತು, ಅದೂ ರುಚಿಯಾಗಿತ್ತು.

ಕಟಾವು ಎಂದರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಟಾವು ಮಾಡಿದ್ದು ತಮಿಳುನಾಡಿನಿಂದ ಬಂದ ಮಷಿನ್ನು. ಊರಿನ ಗದ್ದೆಯನ್ನೆಲ್ಲ ಒಂದು ವಾರದಲ್ಲಿ ಬೋಳಿಸಿ ಹೋಯಿತು. ಹೆಂಗಸರಿಗೆ ಉಳಿದದ್ದು ಭತ್ತ ಒಣಗಿಸುವ ಕೆಲಸ. ಒಣಗಿಸುತ್ತಿದ್ದದ್ದು ಶಾಲೆಯ ಗೇಟಿನ ಮುಂದಿನ ಟಾರು ರೋಡಿನಲ್ಲಿ. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಹೋದರೆ ಅಲ್ಲಿದ್ದವರು ಸೀನುತ್ತಿದ್ದರು, ಅಷ್ಟು ಹತ್ತಿರ.

ಶಾಲೆಯಲ್ಲಿ ಇದ್ದದ್ದು ಇಪ್ಪತ್ತಾರು ಮಕ್ಕಳು, ಮೇಲಿನ ಬೀದಿಯವರು ಹದಿನೈದು. ಮೊದಲ ವಾರದಲ್ಲಿ ಐದು ಮಕ್ಕಳ ಕೈಯಲ್ಲಿ ಊಟದ ಡಬ್ಬಿ ಬಂತು. ಯಾಕೆ ಎಂದು ಮೇಡಂ ಕೇಳಿದರೆ, "ಚಳಿ ಅಲ್ವಾ ಮಿಸ್, ಇಸ್ಕೂಲ್ ಅನ್ನ ಕಫ ಆಯ್ತದಂತೆ." ಎರಡನೇ ವಾರಕ್ಕೆ ಒಂಬತ್ತು, ಆಮೇಲೆ ಹನ್ನೊಂದು. ಬೆಳಿಗ್ಗೆ ಮೇಡಂ ಕದಡಿಕೊಡುವ ಪುಡಿ ಹಾಲಿನಿಂದ ಯಾರಿಗೂ ಕಫ ಆಗಲಿಲ್ಲ. ಮೊಟ್ಟೆ, ಬಾಳೆಹಣ್ಣಿನಿಂದಲೂ ಆಗಲಿಲ್ಲ. ಅವಕ್ಕೆ ಸಿಪ್ಪೆ ಇದೆಯಲ್ಲ.

ಮಂಗಳಮ್ಮನ ದಿನ ಡಬ್ಬಿ ಎಣಿಸುವುದರಿಂದ ಶುರುವಾಗುತ್ತಿತ್ತು. ಮಂಜಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಬರುವ ಮಕ್ಕಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಅಕ್ಕಿ ಎಷ್ಟು ಹಾಕಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಪೂರ್ತಿ ಹಾಕಿದರೆ ಅನ್ನ ಮಿಕ್ಕು, ಮಿಕ್ಕದ್ದು ಎಲ್ಲರ ಕಣ್ಣಿಗೆ ಬಿದ್ದು, ನೋಡಿ ಉಣ್ಣುವವರೇ ಇಲ್ಲ ಎನ್ನುತ್ತಾರೆ. ಕಮ್ಮಿ ಹಾಕಿದ ದಿನ ಮಕ್ಕಳೆಲ್ಲ ತಟ್ಟೆ ಹಿಡಿದು ಬಂದರೆ? ಸೊಪ್ಪನ್ನು ನಾಲ್ಕು ಸಲ ತೊಳೆಯುತ್ತಿದ್ದಳು, ಸಾರನ್ನು ಮೂರು ಸಲ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಳು. ತರಗತಿಯಲ್ಲಿ ಒಂದು ಮಗು ಕೆಮ್ಮಿದರೆ ಇಲ್ಲಿ ಇವಳ ಕೈ ನಿಲ್ಲುತ್ತಿತ್ತು.

ಒಂದು ದಿನ ಅವಳ ಮೊಮ್ಮಗಳು ಧನುಶ್ರೀ, ಎರಡನೇ ಕ್ಲಾಸು, ನಾಲೆ ಬದಿಯ ಎಲಚಿಹಣ್ಣನ್ನು ಸಿಕ್ಕಾಪಟ್ಟೆ ತಿಂದು ಬಂದು ಜಗಲಿಯಲ್ಲಿ ವಾಂತಿ ಮಾಡಿಕೊಂಡಳು. ಮಂಗಳಮ್ಮ ಓಡಿಬಂದು ಮೊದಲು ನೆಲ ಒರೆಸಿದಳು. ಬೂದಿ ಹಾಕಿ, ತೊಳೆದು, ರೋಡಿನ ಕಡೆ ಒಮ್ಮೆ ನೋಡಿ, ಆಮೇಲೆ ಮಗುವಿನ ಬಾಯಿ ಒರೆಸಿದಳು. ಇದನ್ನು ಅವಳೇ ನನಗೆ ಹೇಳಿದ್ದು. ಹೇಳುವಾಗ ಅಳಲಿಲ್ಲ, ಸಿಟ್ಟಾಗಿದ್ದಳು. ಯಾರ ಮೇಲೆ ಎಂದು ನಾನು ಕೇಳಲಿಲ್ಲ.

ಇಪ್ಪತ್ತೆರಡನೇ ತಾರೀಕು ಸೋಮವಾರ ಸೊಸೆ ಕೋಮಲಳನ್ನು ಕರೆದುಕೊಂಡು ಬಂದಳು. ಧನುಶ್ರೀಯ ತಾಯಿ, ಅವಳಿಗೂ ರುಚಿ ನೋಡುವ ಹಕ್ಕಿದೆ. ಕೋಮಲ ಪಿಯುಸಿ ಓದಿದವಳು. ಅನ್ನ ಸಾರು ಉಂಡು, ಕೈತೊಳೆದು, ಪೆನ್ನು ಹಿಡಿದು ಪುಸ್ತಕ ತೆಗೆದಳು.

"ಅತ್ತೆ, ನಾನ್ ಎಲ್ಲಿ ಆಕ್ಲಿ? ಜಾಗನೇ ಇಲ್ವಲ್ಲ."

"ನೋಡಮ್ಮಿ, ಕೆಳಗೆಲ್ಲಾರ ಇದ್ದಾತು."

ಕೋಮಲ ಬೆರಳು ಕೆಳಗಿಳಿಸುತ್ತ ಹೋಗಿ ಒಂದು ಕಡೆ ನಿಂತಳು. "ಅಯ್ಯೋ ಅತ್ತೆ! ಇಪ್ಪತ್ತೈದು ಗುರುವಾರ ಕ್ರಿಸ್‌ಮಸ್ ರಜ ಅಲ್ವಾ? ಅದ್ಕೂ ಆಕವ್ರೆ! ಊಟ ರುಚಿಯಾಗಿದೆಯಂತೆ! ಶಿವನಂಜಮ್ಮ ಅಂತ ಸೈನು. ಬೇಯ್ಸೋರ್ ಯಾರು, ತಿಂದೋರ್ ಯಾರು?"

ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಶಿವನಂಜಮ್ಮ ಶಿವಣ್ಣನ ಹೆಂಡತಿ, ಅವಳ ಮಗಳು ನಾಲ್ಕನೇ ಕ್ಲಾಸು. ತಾಯಂದಿರ ಹೆಸರು ಸಾಲದೆ ಅವನು ಹೆಂಡತಿಯ ಕೈಲೇ ನಾಲ್ಕು ದಿನಕ್ಕೆ ಸಹಿ ಹಾಕಿಸಿದ್ದ. ಇಪ್ಪತ್ತೈದೂ ಅವಳದೇ, ಇಪ್ಪತ್ತಾರೂ ಅವಳದೇ. ನಗು ಮೊದಲು ನಿಂತದ್ದು ಮಂಗಳಮ್ಮನದು. ಪುಸ್ತಕ ಇರುವುದು ಅಡುಗೆಮನೆಯಲ್ಲಿ. ಅಡುಗೆಮನೆ ಯಾರದು?

ಬುಧವಾರ ಫೋನು ಬಂತು. ತಾಲ್ಲೂಕಿನಿಂದ ಬಿಸಿಯೂಟದ ಸಾಹೇಬರು ಶುಕ್ರವಾರ ಹನ್ನೆರಡಕ್ಕೆ ತಪಾಸಣೆಗೆ ಬರುತ್ತಾರೆ, ಪುಸ್ತಕಗಳೆಲ್ಲ ಸಿದ್ಧವಿರಲಿ. ಮಂಗಳಮ್ಮ ಮೇಡಂಗೆ ಇಪ್ಪತ್ತೈದರ ಸಾಲು ತೋರಿಸಿದಳು. ಮೇಡಂ ಬೆವೆತುಹೋದರು. ಹರಿಯುವ ಹಾಗಿಲ್ಲ, ಪುಟಗಳಿಗೆ ನಂಬರು, ಸೀಲು ಇದೆ. ಶಿವಣ್ಣನಿಗೆ ಹೇಳಿಕಳಿಸಿದರು.

ಶಿವಣ್ಣ ಪುಸ್ತಕ ನೋಡಿ ತಲೆ ಕೆರೆದುಕೊಂಡ. ಆಮೇಲೆ ಅವನ ಮುಖ ಹಗುರಾಯಿತು. "ಸಿಂಪಲ್ ಮೇಡಂ. ಮಂಗ್ಳಿ ಬುಕ್ ಈಸ್ಕಂಡೋಗಿ, ಓದಕ್ ಬರ್ದೆ ಎಲ್ಲಾ ದಿನಕ್ಕೂ ಆಕಿಸ್ಕಂಡ್ ಬಂದವ್ಳೆ ಅಂತ ಏಳುದ್ರಾಯ್ತು. ಎಬ್ಬೆಟ್ಟು ಜನಕ್ಕೆ ಸಾಹೇಬ್ರು ಏನಂದಾರು? ಬಯ್ದು ಬುಡ್ತಾರೆ."

ಮೇಡಂ ನೆಲ ನೋಡಿದರು. ಮಂಗಳಮ್ಮ ಪುಸ್ತಕ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹನ್ನೊಂದು ವರ್ಷ ನಲ್ಲಿಯ ಹತ್ತಿರ ಕೂತಿದ್ದವಳ ಬಾಯಿ ಅಷ್ಟು ಬೇಗ ತೆರೆಯುವುದಿಲ್ಲ.

ಗುರುವಾರ ರಜೆ. ಮನೆಮಂದಿಯೆಲ್ಲ ಬಾಗಿಲ ಮುಂದಿನ ಬಿಸಿಲಿಗೆ ಕೂತು ಶಾಲೆಗೆಂದು ಅವರೆ ಸುಲಿಯುತ್ತಿದ್ದರು. ಮೇಲಿನ ಬೀದಿಯ ಮಡಿಲುಗಳು ಬಾರದಿದ್ದರೆ ಬೇಡ, ಕೆಳಗಿನ ಬೀದಿಯ ಆರು ಮನೆಯಿಂದ ಕಾಯಿ ಬಂದಿತ್ತು. ಗಂಡ ಪುಟ್ಟಬಸವಯ್ಯ ಒಂದು ಕಾಲಕ್ಕೆ ನಮ್ಮ ದಲಿತ ಸಂಘದ ಮೆರವಣಿಗೆಗಳಲ್ಲಿ ಮುಂದೆ ನಿಂತು ತಮಟೆ ಬಡಿದವನು. ಈಗ ಮಂಡಿನೋವು, ಅದರ ಜೊತೆಗೆ ಭಯವೂ ಬಂದಿದೆ.

"ತಪ್ಪಾಯ್ತು ಸಾ ಅಂತ ಒಂದ್ ಮಾತ್ ಅಂದ್ಬುಡು. ನಿನ್ ಗಂಟೇನ್ ಓಯ್ತದೆ? ಕೆಲ್ಸ ಉಳ್ಕತದೆ" ಎಂದ.

"ಉಳ್ಕಳಕ್ಕಿಲ್ಲ ಕಣಯ್ಯ. ಇವತ್ತು ಬುಕ್ಕಲ್ ಸುಳ್ ಬರ್ಸುದ್ಲು ಅಂತಾರೆ. ನಾಳಿಕ್ಕೆ ಒಂದ್ ಮೊಗ ಹೊಟ್ಟೆ ನೋವು ಅಂದ್ರೆ ಸಾರ್ಗೆ ಏನೋ ಆಕುದ್ಲು ಅಂತಾರೆ. ಮೀಟಿಂಗ್ಗೆ ಅವ್ರಿಗೆ ಬೇಕಾಗಿರದು ಅದೇಯ."

"ಅಂಗಂತ ಶಿವಣ್ಣನ್ ಎದ್ರಾಕತೀಯಾ?"

"ಕಾಳ್ ಹಿಚ್ಕು, ಸುಮ್ಕಿರು."

ಶುಕ್ರವಾರ ಹನ್ನೊಂದೂವರೆಗೆ ಸಾರು ಇಳಿಸಿದಳು. ಹಿಚುಕಿದ ಅವರೆಕಾಳಿನ ವಾಸನೆಗೆ ಡಬ್ಬಿ ತಂದ ಮಕ್ಕಳೂ ಕಿಟಕಿಯಲ್ಲಿ ಇಣುಕುತ್ತಿದ್ದರು. ಮೇಡಂ ರುಚಿ ನೋಡಿ, "ಸರಿಯಾಗಿದೆ ಮಂಗಳಮ್ಮ" ಎಂದರು. ಮಂಗಳಮ್ಮ ಸ್ಟೀಲ್ ತಟ್ಟೆಗೆ ಅನ್ನ ಸಾರು ಬಡಿಸಿದಳು, ಕಂಕುಳಲ್ಲಿ ಪುಸ್ತಕ ಸಿಕ್ಕಿಸಿಕೊಂಡಳು, ಗೇಟು ದಾಟಿದಳು.

ರೋಡಿನಲ್ಲಿ ಮೂವರು ಹೆಂಗಸರು ಕಾಲಿನಲ್ಲಿ ಭತ್ತ ಕೆದಕುತ್ತಿದ್ದರು. ಮಂಗಳಮ್ಮ ಭತ್ತ ತುಳಿಯದೆ ಅಂಚಿಗೆ ನಿಂತಳು.

"ಅವ್ವಾ, ಇವತ್ತು ನಿಮ್ದು ಸೈನು" ಎಂದಳು. ತನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಶಿವನಂಜಮ್ಮನನ್ನು ಅವಳು ಕರೆಯುವುದು ಹಾಗೆ.

"ಯಾವ್ ಸೈನೇ ಮಂಗ್ಳಿ?" ಎಂದಳು ಶಿವನಂಜಮ್ಮ. ಅವಳು ಕರೆಯುವುದು ಹೀಗೆ.

ಮಂಗಳಮ್ಮ ಪುಸ್ತಕ ಬಿಡಿಸಿ ತೋರಿಸಿದಳು. "ಇಪ್ಪತ್ತಾರು. ಊಟ ರುಚಿಯಾಗಿದೆ ಅಂತ ಅದೆ. ನೀವಿನ್ನೂ ಉಂಡೇ ಇಲ್ಲ."

"ನಮ್ಮನೆಯವ್ರು ಆಕು ಅಂದ್ರು, ಆಕ್ದೆ. ನಂಗೇನ್ ಗೊತ್ತು?"

"ನೆನ್ನೆದೂ ನಿಮ್ದೇಯ. ನೆನ್ನೆ ಇಸ್ಕೂಲ್ ಬಾಗ್ಲೇ ತಗ್ದಿಲ್ವಲ್ಲವ್ವಾ, ಎಲ್ಲಿ ಉಂಡ್ರಿ?"

ಪಕ್ಕದವಳು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದಳು. ಶಿವನಂಜಮ್ಮನ ಮುಖ ಕೆಂಪಾಯಿತು. "ಏನಮ್ಮಿ, ನಡ್ ರೋಡಲ್ಲಿ ಮರ್ವಾದೆ ಕಳಿಯಕ್ ಬಂದಿದ್ದೀಯಾ?"

"ಮರ್ವಾದೆ ನಂಗೂ ಅದೆ ಕಣವ್ವ." ಮಂಗಳಮ್ಮ ತಟ್ಟೆಯನ್ನು ಅವಳ ಮುಂದೆ ಹಿಡಿದಳು. "ಸಾಹೇಬ್ರು ಬತ್ತಾವ್ರೆ. ಬುಕ್ ತುಂಬ್ಸುದ್ದು ಯಾರು ಅಂತ ಕೇಳ್ತಾರೆ. ನಾನ್ ಸುಳ್ ಏಳಕಿಲ್ಲ. ಉಂಡು, ಎಂಗದೆ ಅಂತ ಬರೀರಿ. ಇಲ್ವಾ, ಉಣ್ಣಕಿಲ್ಲ ಅಂತ ಬರೀರಿ. ಯಾಕ್ ಉಣ್ಣಕಿಲ್ಲ ಅನ್ನದ್ನೂ ಅದ್ರಲ್ಲೇ ಬರೀರಿ."

ಆ ‘ಯಾಕೆ’ ಕೇಳಿ ನಗುತ್ತಿದ್ದವಳೂ ನಗು ನುಂಗಿದಳು. ಅದನ್ನು ಸಹಿ ಹಾಕಿ ಬರೆದುಕೊಟ್ಟರೆ ಏನಾಗುತ್ತದೆ ಎಂಬುದು ಮೇಲಿನ ಬೀದಿಗೂ ಗೊತ್ತು, ಕೆಳಗಿನ ಬೀದಿಗೂ ಗೊತ್ತು. ಅಸ್ಪೃಶ್ಯತೆಗೆ ಜೈಲು ಎನ್ನುವ ಆ ಕಾನೂನು ಸುಮ್ಮನೆ ಬಂದದ್ದಲ್ಲ.

ಅಷ್ಟರಲ್ಲಿ ಜೀಪು ಬಂತು. ಭತ್ತದ ಮೇಲೆ ಹತ್ತಿಸಲಾರದೆ ಹಾರನ್ ಹೊಡೆದು ನಿಂತಿತು. ಇಬ್ಬರು ಹೆಂಗಸರು ಭತ್ತ ಎಳೆಯಲು ಓಡಿದರು. ಶಿವನಂಜಮ್ಮ ಒಮ್ಮೆ ಜೀಪು ನೋಡಿದಳು, ಒಮ್ಮೆ ತನ್ನ ಸಹಿ ನೋಡಿದಳು. ಗೇಟಿನೊಳಗಿಂದ ಅವಳ ಮಗಳೇ ಕೂಗಿಕೊಂಡಳು: "ಅವ್ವಾ, ಅವರೆಕಾಳ್ ಸಾರು ಕಣವ್ವ!"

ಶಿವನಂಜಮ್ಮ ಮೂರು ಬೆರಳಿನಲ್ಲಿ ಎರಡೇ ಎರಡು ಅಗುಳು ಎತ್ತಿ, ಸಾರಿಗೆ ಮುಟ್ಟಿಸಿ, ಬಾಯಿಗೆ ಹಾಕಿಕೊಂಡಳು. ಔಷಧ ನುಂಗುವ ಹಾಗೆ ನುಂಗಿದಳು.

"ಉಪ್ಪು ಕಮ್ಮಿ" ಎಂದಳು.

"ಬರೀರಿ." ಮಂಗಳಮ್ಮ ಪೆನ್ನು ಕೊಟ್ಟಳು. ‘ಊಟ ರುಚಿಯಾಗಿದೆ’ ಎಂಬುದರ ಪಕ್ಕದಲ್ಲಿ ‘ಉಪ್ಪು ಕಮ್ಮಿ’ ಎಂದು ಸೊಟ್ಟಗೆ ಬಿತ್ತು.

ಇದನ್ನು ಮನಸ್ಸು ಬದಲಾದ ಕತೆ ಎಂದು ಯಾರೂ ಬರೆದುಕೊಳ್ಳಬೇಡಿ. ಅವಳು ಉಂಡದ್ದು ಜೀಪಿನ ಹೆದರಿಕೆಗೆ.

ಸಾಹೇಬರು ಇಪ್ಪತ್ತೈದರ ಸಾಲಿನ ಮೇಲೆ ಬೆರಳಿಟ್ಟರು. "ಕ್ರಿಸ್‌ಮಸ್ ದಿನ ಯಾರ್ರೀ ಅಡುಗೆ ಮಾಡಿದ್ದು?"

"ಯಾರೂ ಮಾಡ್ನಿಲ್ಲ ಸಾ" ಎಂದಳು ಮಂಗಳಮ್ಮ. "ಬುಕ್ಕು ಎರಡನೇ ತಾರೀಕೇ ತುಂಬಿತ್ತು. ನಾನ್ ತುಂಬುಸ್ನಿಲ್ಲ."

ಶಿವಣ್ಣ ಅಷ್ಟು ಹೊತ್ತಿಗೆ ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗಿ ಯಾರಿಗೋ ಫೋನು ಮಾಡುತ್ತಿದ್ದ. ಸಾಹೇಬರು ಮೇಡಂ ಕಡೆ ತಿರುಗಿದರು. ಕೊನೆಗೆ ವಾಣಿ ಮೇಡಂ, "ಪುಸ್ತಕ ಹೊರಗೆ ಕೊಟ್ಟಿದ್ದು ನಾನು ಸರ್, ಅಧ್ಯಕ್ಷರ ಕೈಗೆ" ಎಂದರು. ನೋಟಿಸು ಮೇಡಂಗೆ ಬಂತು, ಸಮಿತಿಗೂ ಒಂದು ಎಚ್ಚರಿಕೆ ಬಂತು. ತಿಂಗಳ ಕೊನೆಯ ಮೀಟಿಂಗಿನಲ್ಲಿ ಅಡುಗೆಯವಳ ವಿಷಯ ಏಳಲಿಲ್ಲ. ಇರಲಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೀಗಾಗಿ ಅವಳು ಇದ್ದಾಳೆ.

ಉಪ್ಪು ನಿಜವಾಗಿ ಕಮ್ಮಿಯಿತ್ತೇ ಎಂದು ನಾನು ಕೇಳಿದೆ.

"ಸರ್ಯಾಗಿತ್ತು ಕಣಣ್ಣ. ಬರ್ಕಳ್ಳಿ ಬುಡು. ತಿನ್ನನಾರ ತಿಂದ್ಲಲ್ಲ."

ಸಂಕ್ರಾಂತಿ ಕಳೆಯುವ ಹೊತ್ತಿಗೆ ಡಬ್ಬಿ ಹನ್ನೊಂದರಿಂದ ನಾಲ್ಕಕ್ಕೆ ಇಳಿದಿತ್ತು, ಆಮೇಲೆ ಮತ್ತೆ ಆರಾಯಿತು. ಮೇಲಿನ ಬೀದಿಯಿಂದ ಇಬ್ಬರು ತಾಯಂದಿರು ಬರುತ್ತಾರೆ. ಶಿವನಂಜಮ್ಮ ತನ್ನ ಸರದಿಗೆ ಒಂದು ಸಲ ಬಂದಳು. ಮನೆಯಿಂದಲೇ ತಟ್ಟೆ ತಂದಿದ್ದಳು, ಗೇಟಿನ ಹತ್ತಿರ ನಿಂತೇ ಉಂಡು, ‘ಖಾರ ಜಾಸ್ತಿ’ ಎಂದು ಬರೆದು ಹೋದಳು.

ಹೊಸ ಪುಸ್ತಕವನ್ನು ಮಂಗಳಮ್ಮ ಯಾರ ಮನೆಗೂ ಕೊಡುವುದಿಲ್ಲ. ಅಡುಗೆಮನೆಯ ಮೊಳೆಗೆ ನೇತುಹಾಕಿ, ಪೆನ್ನನ್ನು ದಾರದಲ್ಲಿ ಕಟ್ಟಿದ್ದಾಳೆ. ಹನ್ನೊಂದೂವರೆಗೆ ಉರಿ ಸಣ್ಣ ಮಾಡಿ ಗೇಟಿನ ಕಡೆ ನೋಡುತ್ತಾಳೆ. ಯಾರೂ ಬಾರದ ದಿನ ಆ ಸಾಲು ಹಾಗೇ ಖಾಲಿ ಇರುತ್ತದೆ. ತುಂಬಿಸಿಬಿಡೋಣ ಎಂದು ಮೇಡಂ ಒಮ್ಮೆ ಕೇಳಿದರಂತೆ. ಇವಳು ಬಿಟ್ಟಿಲ್ಲ.